ಕಲಿಸಿದ್ದು ಮತ್ತು ಕಲಿಸದೆ ಬಿಟ್ಟದ್ದು

ಕೊಲ್ಲಾಪುರದ ಫುಟ್‌ಬಾಲ್ ತಂಡಗಳ ಹೆಸರು ಕೇಳಿದರೆ ಸಾಕು, ಅದು ಕುಸ್ತಿಯ ಊರೆಂದು ತಿಳಿಯುತ್ತದೆ. ಪಾಟಾಕಡೀಲ ತಾಲೀಮ ಮಂಡಳ, ದಿಲಬಹಾರ ತಾಲೀಮ ಮಂಡಳ, ಬಾಲಗೋಪಾಲ ತಾಲೀಮ, ಖಂಡೋಬಾ ತಾಲೀಮ. ಪೈಲ್ವಾನರು ಸಾಮು ತೆಗೆಯುತ್ತಿದ್ದ ಗರಡಿಗಳೇ ಇಲ್ಲಿ ಫುಟ್‌ಬಾಲ್ ಕ್ಲಬ್ಬುಗಳೂ ಆಗಿವೆ. ಶಾಹು ಸ್ಟೇಡಿಯಂನಲ್ಲಿ ಮಂಗಳವಾರ ಪೇಟೆಗೂ ಶಿವಾಜಿ ಪೇಟೆಗೂ ಪಂದ್ಯ ಬಿದ್ದ ದಿನ ಊರಿಗೆ ಬೇರೆ ಮಾತಿರುವುದಿಲ್ಲ. ವಿಶ್ವಕಪ್ ಬಂತೆಂದರೆ ಓಣಿಗೊಂದರಂತೆ ಬ್ರೆಜಿಲ್, ಅರ್ಜೆಂಟೀನಾ ಬಾವುಟಗಳು ಏಳುತ್ತವೆ. ಜಿಲ್ಲೆಯ ದಕ್ಷಿಣ ಭಾಗದಲ್ಲಿ, ಸಂಕೇಶ್ವರಕ್ಕೆ ಹತ್ತಿರದಲ್ಲಿ, ಹಿರಣ್ಯಕೇಶಿ ದಂಡೆಯ ಗಡಹಿಂಗ್ಲಜಕ್ಕೂ ಇದೇ ಹುಚ್ಚು. ದೀಪಾವಳಿಯ ಹೊತ್ತಿಗೆ ಅಲ್ಲಿನ ಎಂ.ಆರ್. ಹೈಸ್ಕೂಲ್ ಮೈದಾನದ ಟೂರ್ನಿಗೆ ಹೊರರಾಜ್ಯದ ತಂಡಗಳೂ ಬರುತ್ತವೆ.

ಆ ಗಡಹಿಂಗ್ಲಜದ ಮೈದಾನವೊಂದರ ಕಟ್ಟೆಯ ಮೇಲೆ ಭಾನುವಾರ ಸಂಜೆ ಇಬ್ಬರು ಕೂತಿದ್ದರು. ಒಬ್ಬರು ನಿವೃತ್ತ ಪಿ.ಟಿ. ಮಾಸ್ತರು. ಇನ್ನೊಬ್ಬ ಇಚಲಕರಂಜಿಯ ಯುವಕ. ಹಗಲು ಪವರ್‌ಲೂಮ್ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಾನೆ, ಬೆಳಿಗ್ಗೆ ಆರಕ್ಕೆ ಓಣಿಯ ಹುಡುಗರಿಗೆ ಫುಟ್‌ಬಾಲ್ ಕಲಿಸುತ್ತಾನೆ. ಇಬ್ಬರದೂ ಮನೆಮಾತು ಕನ್ನಡ, ಮೈದಾನದ ಮಾತು ಮರಾಠಿ. ಯುವಕ ತನ್ನ ಜೊತೆ ಹದಿನಾಲ್ಕರ ಹುಡುಗನೊಬ್ಬನನ್ನು ಕರೆತಂದಿದ್ದ. ಆ ಹುಡುಗ ಒಬ್ಬನೇ ಮೈದಾನದ ನಡುವೆ ನಿಂತು ಮೂಲೆಯ ಬಾವುಟದ ಕಡೆಗೆ ಚೆಂಡು ಹೊಡೆಯುತ್ತಿದ್ದ. ಹತ್ತರಲ್ಲಿ ಏಳೆಂಟು ಹೊಡೆತ ಬಾವುಟದ ಬುಡಕ್ಕೇ ಬೀಳುತ್ತಿದ್ದವು.

“ಕಾಕಾ, ಕಾಲು ನೋಡ್ರಿ ಅವನ್ದು,” ಎಂದ ಯುವಕ. “ನಡುವ ನಿಂತು ಎತ್ತಿ ಹೊಡದ್ರ ವಿಂಗರ್‌ನ ಎದಿಮ್ಯಾಲ ಚೆಂಡ ಇಳೀತೈತಿ. ಆದ್ರ ಎದುರಿನವ ಒಬ್ಬ ಬೆನ್ನಿಗೆ ಬಿದ್ನೆಂದ್ರ ಕೈಕಾಲ ಆಡೂದಿಲ್ಲ. ಎಡಗಾಲಂತೂ ಇದ್ದೂ ಇಲ್ದಂಗ. ಇಷ್ಟ ಛಲೋ ಹುಡುಗ, ಅರ್ಧ ಆಟ ಅಷ್ಟ ಆಡ್ತಾನ.”

“ಮೊದಲ ಯಾರ ಕೈಯಾಗ ಕಲತಾನ?”

“ಒಂದ ಸಾಲಿ ತಂಡದಾಗಿದ್ದ. ಅಲ್ಲಿ ಒಂದ ಮಾತು: ಚೆಂಡ ಸಿಕ್ತೋ, ತಿರುಗಿ ಉದ್ದಕ್ಕ ಹೊಡಿ. ಮುಂದ ಒಬ್ಬ ಓಡೂ ಹುಡುಗ ಇದ್ದ, ಅವ ಗೋಲ್ ಹಾಕ್ತಿದ್ದ. ಮೂರ್ನಾಲ್ಕು ಕಪ್ ತಂದ್ರು.”

ಮಾಸ್ತರು ಸ್ವಲ್ಪ ಹೊತ್ತು ಹುಡುಗನನ್ನೇ ನೋಡಿದರು. “ಹಂಗಾದ್ರ ತಮ್ಮಾ, ಈ ಕಾಲು ತಯಾರಾದದ್ದೂ ಅಲ್ಲೇ, ಆ ಹೆದರಿಕಿ ತಯಾರಾದದ್ದೂ ಅಲ್ಲೇ. ಉದ್ದಕ್ಕ ಹೊಡಿ ಅಂದಾಗ ಅವನಿಗೆ ಉದ್ದ ಪಾಸ್ ಬಂತು. ಚೆಂಡ ಕಾಲಾಗ ಇಟ್ಕೊಂಡು ನಿಲ್ಲೂ ಅಭ್ಯಾಸ ಅದ ದಿನಾ ತಪ್ಪಿಹೋತು. ಎರಡನ್ನೂ ಕೊಟ್ಟ ಕೈ ಒಂದ.”

ಯುವಕನಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಹುಟ್ಟಿನಿಂದ ಬಂದದ್ದೂ ಇರುತ್ತದೆ, ಎಡಗಾಲು ಕೆಲವರಿಗೆ ಏಳುವುದೇ ಇಲ್ಲ ಎಂಬುದು ಅವನ ವಾದ. ಕೋಚ್ ಆದವನು ಎಷ್ಟು ಬದಲಿಸಬಲ್ಲ ಎಂಬುದಕ್ಕೆ ಅವನು ಕೊಟ್ಟ ಉದಾಹರಣೆ ಮಾತ್ರ ಎಲ್ಲಿಂದ ಎಲ್ಲಿಗೋ ಹೋಯಿತು. ರಾತ್ರಿ ಅವನು ಮೊಬೈಲ್‌ನಲ್ಲಿ ಅಮೆರಿಕದ ಫುಟ್‌ಬಾಲ್ ನೋಡುತ್ತಾನೆ.

“ಅದು ಬ್ಯಾರೇನ ಆಟ ಕಾಕಾ. ಹೆಸರಷ್ಟ ಫುಟ್‌ಬಾಲ್, ಚೆಂಡ ಕೈಯಾಗ ಹಿಡದ ಆಡೂದು. ಅದರಾಗ ಕ್ವಾರ್ಟರ್‌ಬ್ಯಾಕ್ ಅಂತ ಒಬ್ಬ ಇರ್ತಾನ. ಪ್ರತಿ ಸಲ ಚೆಂಡ ಮೊದಲ ಅವನ ಕೈಗೇ ಬರ್ತೈತಿ. ಎದುರಿನ ದಾಂಡಿಗರು ಮೈಮ್ಯಾಲ ಏರಿ ಬರೂದ್ರಾಗ, ಎರಡು ಮೂರು ಸೆಕೆಂಡಿನ ಒಳಗ, ಯಾರಿಗೆ ಎಸೀಬೇಕು ಅಂತ ಠರಾಯಿಸಿ ಎಸೀಬೇಕು. ನಮ್ಮ ನಡುವಿನ ಆಟಗಾರನ ಕೆಲಸಾನ, ಆದ್ರ ಇನ್ನೂ ಅವಸರದ್ದು.”

ಅವನು ಹೇಳಿದ್ದು ಬಫಲೋ ಬಿಲ್ಸ್ ತಂಡದ ಜಾಷ್ ಆ್ಯಲನ್ ಕಥೆ. ವಯೋಮಿಂಗ್ ವಿಶ್ವವಿದ್ಯಾಲಯದಿಂದ ಬಂದ ಆ್ಯಲನ್‌ನನ್ನು 2018ರಲ್ಲಿ ತಂಡ ಆರಿಸಿಕೊಂಡಾಗ ತೋಳಿನ ಬಲದ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಗುರಿಯ ಬಗ್ಗೆ ಎಲ್ಲರಿಗೂ ಸಂಶಯವಿತ್ತು. ಮೊದಲ ವರ್ಷ ಅವನು ಎಸೆದ ನೂರರಲ್ಲಿ 52.8 ಮಾತ್ರ ಗೆಳೆಯರ ಕೈ ಸೇರಿದವು. 2019ರಲ್ಲಿ ಅದು 58.8 ಆಯಿತು, 2020ರಲ್ಲಿ 69.2. ದೊಡ್ಡವರಾದ ಮೇಲೆ ಗುರಿ ಸುಧಾರಿಸುವುದಿಲ್ಲ ಎಂದು ನಂಬಿದ್ದ ಆಟದಲ್ಲಿ ಇಂಥ ಏರಿಕೆ ಅಪರೂಪ. ದಾಳಿಯ ಯೋಜನೆ ನೋಡಿಕೊಳ್ಳುತ್ತಿದ್ದ ಕೋಚ್ ಬ್ರಯಾನ್ ಡೇಬಲ್ ಅವನ ಓಟವನ್ನೂ ತೋಳನ್ನೂ ಮುಟ್ಟಲಿಲ್ಲ. ಬೇಗ ಬಿಡುವ ಸಣ್ಣ ಎಸೆತಗಳನ್ನು ಆಟದೊಳಗೆ ಹೆಣೆದ. ಬಿಡುವಿನ ತಿಂಗಳುಗಳಲ್ಲಿ ಜೋರ್ಡನ್ ಪಾಮರ್ ಎಂಬ ಖಾಸಗಿ ತರಬೇತುದಾರ ಎಸೆತದ ಅಂಗವಿನ್ಯಾಸವನ್ನು ತಿದ್ದಿದ: ಪಾದ ಎಲ್ಲಿ ಊರಬೇಕು, ಸೊಂಟ ಯಾವಾಗ ತಿರುಗಬೇಕು, ತೋಳು ಯಾವಾಗ ಬರಬೇಕು.

“ಅಂದ್ರ ತೋಳಿನ ರೋಗಕ್ಕ ಕಾಲಿಗೆ ಔಷಧ,” ಎಂದರು ಮಾಸ್ತರು, ಕುತೂಹಲದಿಂದ ಮುಂದಕ್ಕೆ ಬಾಗಿ. “ಖರೇ ಕೋಚ್ ಅವ. ಆದ್ರ ಒಂದ ಕೇಳ್ತೇನಿ. ಅವನ ಎಸೆತ ಹಿಡಿಯೂ ಮಂದಿ ಅವರ ಇದ್ರೋ, ಬದಲಾದ್ರೋ?”

ಬದಲಾಗಿದ್ದರು. 2020ರಲ್ಲಿ ಸ್ಟೆಫಾನ್ ಡಿಗ್ಸ್ ಎಂಬ ನುರಿತ ಆಟಗಾರ ತಂಡಕ್ಕೆ ಬಂದಿದ್ದ. ಯುವಕ ಅದನ್ನು ಮುಚ್ಚಿಡಲಿಲ್ಲ. 2022ರಲ್ಲಿ ಡೇಬಲ್ ನ್ಯೂಯಾರ್ಕ್ ಜೈಂಟ್ಸ್‌ಗೆ ಹೋದ ಮೇಲೆ ಏನಾಯಿತೆಂಬುದನ್ನೂ ಹೇಳಿದ. 2023ರಲ್ಲಿ ಆ್ಯಲನ್‌ನ 18 ಎಸೆತಗಳು ಎದುರಾಳಿಗಳ ಕೈಗೆ ಬಿದ್ದವು. ಆ ವರ್ಷದ ನವೆಂಬರ್‌ನಲ್ಲಿ ದಾಳಿಯ ಹೊಸ ಕೋಚ್‌ನನ್ನು ತೆಗೆದರು. ಜೋ ಬ್ರೇಡಿ ಬಂದ. 2024ರಲ್ಲಿ ಅಂಥ ತಪ್ಪುಗಳು ಆರಕ್ಕೆ ಇಳಿದವು, ಆ ವರ್ಷದ ಅತ್ಯಂತ ಮೌಲ್ಯಯುತ ಆಟಗಾರನ ಪ್ರಶಸ್ತಿಯೂ ಆ್ಯಲನ್‌ಗೆ ಬಂತು. ಇನ್ನೊಬ್ಬನ ಕಥೆ ಇದಕ್ಕಿಂತ ಕಠಿಣ. 2005ರಲ್ಲಿ ಇಡೀ ದೇಶದಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಅಲೆಕ್ಸ್ ಸ್ಮಿತ್‌ಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವರ್ಷಕ್ಕೊಬ್ಬರೆಂಬಂತೆ ದಾಳಿಯ ಕೋಚ್ ಬದಲಾದರು. ಒಬ್ಬರು ಕಲಿಸಿದ್ದನ್ನು ಮತ್ತೊಬ್ಬರು ಮರೆಯಲು ಹೇಳಿದರು. ಆಟಗಾರನೇ ಕೆಲಸಕ್ಕೆ ಬಾರದವನು ಎಂದು ಊರು ತೀರ್ಮಾನಿಸಿತು. 2011ರಲ್ಲಿ ಜಿಮ್ ಹಾರ್ಬೋ ಬಂದ ಮೊದಲ ವರ್ಷವೇ ಅದೇ ಸ್ಮಿತ್‌ನ ತಂಡ 16ರಲ್ಲಿ 13 ಪಂದ್ಯ ಗೆದ್ದಿತು.

“ಇದನ್ನ ಕೇಳಾಕ ನೀ ಅಮೆರಿಕಾಕ ಹೋಗೂದ ಬ್ಯಾಡ,” ಎಂದು ಮಾಸ್ತರು ಕಾಲು ಮಡಚಿ ಕೂತರು. “ನಮ್ಮ ಮಂದಿ ಇಬ್ರು ಹೆಲ್ಸಿಂಕಿಗೆ ಹೋಗಿದ್ರು. ಅವರ ಕಥಿ ಹೇಳ್ತೇನಿ ಕೇಳು.”

ಅವರು ಹೇಳಿದ ಮೊದಲನೆಯವರು ಖಾಶಾಬಾ ಜಾಧವ. ಕರಾಡದ ಹತ್ತಿರದ ಗೋಳೇಶ್ವರದವರು, ಓದಿದ್ದು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ. ಕುಸ್ತಿ ಕಲಿತದ್ದು ಮಣ್ಣಿನ ಮೇಲೆ. ಕೊಲ್ಲಾಪುರದ ಮಣ್ಣಿನ ಕುಸ್ತಿ ಏನನ್ನು ಬೆಳೆಸುತ್ತದೆಂಬುದನ್ನು 1912ರಲ್ಲಿ ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನದಲ್ಲಿ ಒಂದು ಜೋಡಿ ನೋಡಿದರೂ ಅರಿಯಬಹುದು. ಕೆಂಪು ಮಣ್ಣು ಕಾಲನ್ನು ಹಿಡಿಯುತ್ತದೆ. ಚಲನೆ ನಿಧಾನ, ಹಿಡಿತ ಬಿಗಿ. ಎದುರಾಳಿಯ ಬೆನ್ನು ನೆಲಕ್ಕೆ ಹಚ್ಚಿ ಚಿತ್ ಮಾಡುವ ತನಕ ಕಾಯುವ ತಾಳ್ಮೆ ಬೇಕು. ಅಂಕಗಳ ಎಣಿಕೆಯಿಲ್ಲ. ಇದರಿಂದ ತೋಳಿಗೆ, ಕತ್ತಿಗೆ, ದಮ್ಮಿಗೆ ಬರುವ ಬಲ ದೊಡ್ಡದು. ಒಲಿಂಪಿಕ್ಸ್ ಕುಸ್ತಿ ನಡೆಯುವುದು ಮ್ಯಾಟ್ ಮೇಲೆ. ಅಲ್ಲಿ ಗಡಿಯಾರ ಓಡುತ್ತದೆ, ಅರೆಕ್ಷಣದ ಚುರುಕಿಗೆ ಅಂಕ ಸಿಗುತ್ತದೆ.

“1948ರಾಗ ಲಂಡನ್‌ಗೆ ಹೋದಾಗ ಅವರಿಗೆ ಮ್ಯಾಟ್ ಹೊಸಾದು,” ಎಂದರು ಮಾಸ್ತರು. “ಕೊಲ್ಲಾಪುರದ ಮಹಾರಾಜರು ಖರ್ಚು ಕೊಟ್ಟಿದ್ರು. ಅಲ್ಲಿ ರೀಸ್ ಗಾರ್ಡನರ್ ಅಂತ ಒಬ್ಬ ಅಮೆರಿಕದ ಪೈಲ್ವಾನ, ಹಿಂದ ಚಾಂಪಿಯನ್ ಆದಾವ, ಇವರಿಗೆ ಮ್ಯಾಟಿನ ಪಟ್ಟು ತೋರಿಸಿದ. ಆ ಸಲ ಆರನೇ ನಂಬರ್. ಸೋತ ಬಂದ್ರು ಅನ್ನಬ್ಯಾಡ. ತನಗ ಏನ ಬರೂದಿಲ್ಲ ಅನ್ನೂದು ಬರೋಬ್ಬರಿ ತಿಳಕೊಂಡು ಬಂದ್ರು. ಮುಂದಿನ ನಾಲ್ಕು ವರ್ಷ ಅದರ ಮ್ಯಾಲ ದುಡಿದ್ರು.”

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋಗಲು ಹಣವಿರಲಿಲ್ಲ. ರಾಜಾರಾಮ ಕಾಲೇಜಿನ ಪ್ರಾಂಶುಪಾಲರಾಗಿದ್ದ ಖರ್ಡೇಕರ ತಮ್ಮ ಮನೆ ಒತ್ತೆಯಿಟ್ಟು 7,000 ರೂಪಾಯಿ ಕೊಟ್ಟರು. ಬ್ಯಾಂಟಮ್‌ವೇಟ್ ವಿಭಾಗದಲ್ಲಿ ಖಾಶಾಬಾ ಕಂಚು ಗೆದ್ದರು. ಸೋತದ್ದು ಚಿನ್ನ ಗೆದ್ದ ಜಪಾನಿನ ಶೋಹಾಚಿ ಇಶಿಗೆ ಮತ್ತು ಬೆಳ್ಳಿ ಗೆದ್ದ ಸೋವಿಯತ್ ಪೈಲ್ವಾನನಿಗೆ. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ಸ್ ಪದಕ ಅದು.

“ಎರಡನೇ ಅವ?” ಯುವಕ ಕೇಳಿದ.

“ನಮ್ಮ ಬೆಂಗಳೂರಿನ ಅಹಮದ್ ಖಾನ್. ಅದ ಹೆಲ್ಸಿಂಕಿ, ಅದ ತಿಂಗಳ.”

ಅಹಮದ್ ಖಾನ್ ಈಸ್ಟ್ ಬೆಂಗಾಲ್ ತಂಡದ ‘ಪಂಚಪಾಂಡವ’ರಲ್ಲಿ ಒಬ್ಬರು, ಬರಿಗಾಲಿನ ಚೆಂಡಿನ ಹಿಡಿತಕ್ಕೆ ಹೆಸರಾದವರು. 1948ರ ಲಂಡನ್‌ನಲ್ಲಿ ಬಹುತೇಕ ಬರಿಗಾಲಲ್ಲೇ ಆಡಿದ ಭಾರತ, ಫ್ರಾನ್ಸ್ ಎದುರು 1–2ರಲ್ಲಿ ಸೋತರೂ ಎಲ್ಲರ ಮೆಚ್ಚುಗೆ ಪಡೆದಿತ್ತು. ಎರಡು ಪೆನಾಲ್ಟಿ ಕೈತಪ್ಪದಿದ್ದರೆ ಫಲಿತಾಂಶವೇ ಬೇರೆಯಿರುತ್ತಿತ್ತು. ಆ ಮೆಚ್ಚುಗೆಯೇ ಮುಳುವಾಯಿತು ಎಂಬುದು ಮಾಸ್ತರರ ಅಭಿಪ್ರಾಯ. ಬರಿಗಾಲೇ ನಮ್ಮ ಬಲವೆಂದು ಎಲ್ಲರೂ ನಂಬಿದರು. ನಾಲ್ಕು ವರ್ಷದ ಮೇಲೆ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ ಹತ್ತು ಗೋಲು ಹೊಡೆಯಿತು. ಭಾರತದ ಒಂದೇ ಗೋಲು ಅಹಮದ್ ಖಾನ್‌ರದು, ಅದೂ ಆಟ ಮುಗಿಯುವ ಹೊತ್ತಿಗೆ. ಆ ಸೋಲಿನ ನಂತರವೇ ಬೂಟು ಕಡ್ಡಾಯವಾಯಿತು.

“ನೋಡು, ಇಬ್ರಿಗೂ 1948ರಾಗ ಒಂದ ಪಾಠ ಸಿಕ್ಕಿತ್ತು,” ಮಾಸ್ತರರ ದನಿ ಏರಿತು. “ಒಬ್ಬರಿಗೆ ‘ನಿನಗ ಇದು ಬರೂದಿಲ್ಲ’ ಅಂತ ಹೇಳಾಕ ಒಬ್ಬ ಗಾರ್ಡನರ್ ಇದ್ದ. ಇನ್ನೊಬ್ಬರಿಗೆ ಚಪ್ಪಾಳಿ ಸಿಕ್ತು. ಅಹಮದ್ ಖಾನ್ ಕೌಶಲ್ಯ ಏನ ಕಡಿಮಿ ಇತ್ತು? ಯಾವ ದೇಶದ ಮೈದಾನದಾಗೂ ನಿಲ್ಲೂ ಆಟಗಾರ. ಅವರಂಥಾವರನ್ನ ಮಳಿ-ಚಳಿ ನೆಲಕ್ಕ ತಯಾರ ಮಾಡದ ಕಳಿಸಿದ್ದು ನಮ್ಮ ವ್ಯವಸ್ಥಾ.”

ಹೆಲ್ಸಿಂಕಿಯಲ್ಲಿ ಆ ತಂಡದ ಕೋಚ್ ಆಗಿದ್ದವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ಸೋಲಿನ ಪಾಠವನ್ನು ಅವರು ಮರೆಯಲಿಲ್ಲ ಎಂಬುದಕ್ಕೆ ಮುಂದಿನ ಹತ್ತು ವರ್ಷಗಳೇ ಸಾಕ್ಷಿ: 1956ರ ಮೆಲ್ಬರ್ನ್‌ನಲ್ಲಿ ಭಾರತ ನಾಲ್ಕನೇ ಸ್ಥಾನಕ್ಕೆ ಬಂತು, 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಿತು. ಮಾಸ್ತರರನ್ನು ಹೆಚ್ಚು ಸೆಳೆದಿರುವುದು ಪದಕಗಳಲ್ಲ, ರಹೀಮ್ ಹೈದರಾಬಾದಿನಲ್ಲಿ ನಡೆಸುತ್ತಿದ್ದ ವಿಚಿತ್ರ ಪಂದ್ಯಾವಳಿಗಳು. ಒಂದರಲ್ಲಿ ಡ್ರಿಬಲ್ ಮಾಡುವಂತಿಲ್ಲ. ಚೆಂಡು ಬಂದ ಕೂಡಲೇ ಪಾಸ್ ಕೊಡಬೇಕು. ಇನ್ನೊಂದರಲ್ಲಿ ದುರ್ಬಲ ಕಾಲಿನಿಂದ ಮಾತ್ರ ಆಡಬೇಕು. ಬಲಗಾಲಿನವನಿಗೆ ಎಡಗಾಲೇ ಗತಿ.

“ಪಂದ್ಯಾವಳಿ ಅಂದ್ರ ಮಕ್ಕಳಿಗೆ ಕಪ್ ಮುಖ್ಯ,” ಎಂದರು. “ರಹೀಮ್ ಸಾಹೇಬ್ರು ಆ ಕಪ್ಪಿನ ಆಸೀನ ಎಡಗಾಲಿಗೆ ಕಟ್ಟಿದ್ರು. ಭಾಷಣಾ ಮಾಡಿ ಎಡಗಾಲು ಬರೂದಿಲ್ಲ. ನಿಯಮ ಹಾಕಿದ್ರ ಬರ್ತೈತಿ.”

ಜಕಾರ್ತಾದಲ್ಲೇ ಇನ್ನೊಂದು ನಡೆಯಿತು. ಹಿಂದಿನ ಸಾಲಿನ ಕೋಟೆಯಂತಿದ್ದ ಜರ್ನೈಲ್ ಸಿಂಗ್ ಥಾಯ್ಲೆಂಡ್ ಎದುರಿನ ಪಂದ್ಯದಲ್ಲಿ ತಲೆ ಒಡೆದುಕೊಂಡು ಹೊಲಿಗೆ ಹಾಕಿಸಿಕೊಂಡರು. ರಹೀಮ್ ಅವರನ್ನು ಕೂರಿಸಲಿಲ್ಲ, ಸೆಂಟರ್ ಫಾರ್ವರ್ಡ್ ಜಾಗಕ್ಕೆ ತಂದರು. ಸೆಮಿಫೈನಲ್‌ನಲ್ಲೂ ಜರ್ನೈಲ್ ಗೋಲು ಹೊಡೆದರು, ದಕ್ಷಿಣ ಕೊರಿಯವನ್ನು 2–1ರಲ್ಲಿ ಮಣಿಸಿದ ಫೈನಲ್‌ನಲ್ಲೂ ಹೊಡೆದರು. ಕಾಲೇಜು ದಿನಗಳಲ್ಲಿ ಯಾವ ಜಾಗದಲ್ಲಿ ನಿಂತನೋ ಅಲ್ಲೇ ಸಾಯುವ ತನಕ ನಿಲ್ಲಬೇಕೆಂಬ ನಮ್ಮ ಕಡೆಯ ಪದ್ಧತಿಗೆ ಈ ಒಂದು ಬದಲಾವಣೆ ಸಾಕಷ್ಟು ಉತ್ತರ ಕೊಡುತ್ತದೆ. ರಹೀಮ್ ಮರುವರ್ಷ ಕ್ಯಾನ್ಸರ್‌ನಿಂದ ತೀರಿಕೊಂಡರು.

ಯುವಕ ಸುಮ್ಮನೆ ಕೇಳುತ್ತಿದ್ದವನು ಈಗ ತಿರುಗಿಬಿದ್ದ. “ಅದೆಲ್ಲಾ ಖರೇ ಕಾಕಾ. ಆದ್ರ ಕೊಲ್ಲಾಪುರದ ಮೈದಾನಕ್ಕ ಬಂದು ನೋಡ್ರಿ. ಎರಡು ಪಂದ್ಯ ಸೋತ್ರ ಪೇಟಿ ಮಂದಿ ಕೋಚ್‌ನ ಮನಿ ಬಾಗಲಾ ಬಡೀತಾರ. ಎಡಗಾಲು ಕಲಿಸ್ಕೋತ ಕೂಡಾಕ ಯಾರಿಗೆ ಪುರುಸೊತ್ತೈತಿ?”

ಮಾಸ್ತರು ಅದನ್ನು ಅಲ್ಲಗಳೆಯಲಿಲ್ಲ. ತಾಲೀಮಿನ ಫುಟ್‌ಬಾಲ್ ಕೊಡುವುದನ್ನು ಅವರು ಮೊದಲು ಎಣಿಸಿದರು: ಗುಂಡಿಗೆ, ಮೈಗೆ ಮೈ ತಾಗಿಸಿ ಆಡುವ ಧೈರ್ಯ, ಸಾವಿರಾರು ಜನರ ಕೂಗಿನ ನಡುವೆಯೂ ಕಾಲು ನಡುಗದಿರುವುದು. ದೇಶದ ಎಷ್ಟೋ ಅಕಾಡೆಮಿ ಹುಡುಗರಿಗೆ ತುಂಬಿದ ಗ್ಯಾಲರಿಯ ಮುಂದೆ ಆಡುವ ಭಾಗ್ಯವೇ ಇರುವುದಿಲ್ಲ. ಅದೇ ಗ್ಯಾಲರಿ ಹಿಂದಕ್ಕೆ ಕೊಟ್ಟ ಪಾಸನ್ನು ಸಹಿಸುವುದಿಲ್ಲ. ನಡುವಿನ ಆಟಗಾರ ಚೆಂಡನ್ನು ಗೋಲ್‌ಕೀಪರ್‌ಗೆ ವಾಪಸು ಕೊಟ್ಟು ಆಟವನ್ನು ಇನ್ನೊಂದು ಬದಿಗೆ ತಿರುಗಿಸಲು ಹೋದರೆ ಸಿಳ್ಳೆ ಬೀಳುತ್ತದೆ. ಹುಡುಗ ಸಿಳ್ಳೆಗೆ ಹೆದರಿ ಮುಂದಕ್ಕೆ ಹೊಡೆಯುತ್ತಾನೆ. ಕೋಚ್ ಕಲಿಸದ್ದನ್ನು ಗ್ಯಾಲರಿ ಕಲಿಸುತ್ತದೆ.

ಹೊರಗಿನಿಂದ ಬರುವ ಆಟಗಾರರ ವಿಚಾರದಲ್ಲಿ ಇಬ್ಬರಿಗೂ ಕೊನೆಯವರೆಗೆ ಒಮ್ಮತ ಬರಲಿಲ್ಲ. ಕೊಲ್ಲಾಪುರದ ಕ್ಲಬ್ಬುಗಳು ಆಫ್ರಿಕದ ಆಟಗಾರರನ್ನೂ ಹೊರರಾಜ್ಯದವರನ್ನೂ ಕರೆಸಿ ಆಡಿಸಿವೆ. ಆಟದ ಮಟ್ಟ ಏರಿದ್ದೇ ಅವರಿಂದ, ಅವರ ಪಕ್ಕದಲ್ಲಿ ಆಡಿ ನಮ್ಮ ಹುಡುಗರು ಕಲಿತರು ಎನ್ನುತ್ತಾನೆ ಯುವಕ. ನಡುವಿನ ಜಾಗ, ಮುಂದಿನ ಜಾಗ ಎರಡನ್ನೂ ದುಡ್ಡು ಕೊಟ್ಟು ತುಂಬಿಸಿದರೆ ಆಟ ನಡೆಸುವ ಹೊಣೆ ಊರಿನ ಹುಡುಗನಿಗೆ ಯಾವಾಗ ಬರುತ್ತದೆ ಎನ್ನುತ್ತಾರೆ ಮಾಸ್ತರು. ಚೆಂಡು ಗೆದ್ದು ಪಕ್ಕದವನಿಗೆ ಕೊಡುವುದನ್ನಷ್ಟೇ ಕಲಿತವನಿಗೆ, ಎರಡು ಸೆಕೆಂಡಿನಲ್ಲಿ ಠರಾಯಿಸುವ ಅಭ್ಯಾಸ ಆಡದೆ ಬರುವುದಿಲ್ಲ. ಅವರ ಮಾತಿನಲ್ಲಿ ತೂಕವಿದೆ. ಆಲೋಚಿಸುವ ಜಾಗವನ್ನು ಬಾಡಿಗೆಗೆ ಕೊಟ್ಟ ಊರು ಆಲೋಚಿಸುವ ಆಟಗಾರರನ್ನು ಬೆಳೆಸುವುದು ಕಷ್ಟ.

“ಅನಿಕೇತನ್ನ ತಗೋರಿ,” ಎಂದ ಯುವಕ. “ಅವ ಇಲ್ಲಿಂದ ಹೋದದ್ದಕ್ಕ ಬೆಳದ.”

ಅನಿಕೇತ ಜಾಧವ 2000ದಲ್ಲಿ ಹುಟ್ಟಿದ ಕೊಲ್ಲಾಪುರದ ಹುಡುಗ. ಸಣ್ಣ ವಯಸ್ಸಿನಲ್ಲೇ ಪುಣೆಯ ಕ್ರೀಡಾ ಪ್ರಬೋಧಿನಿಗೆ ಸೇರಿದ. 2017ರಲ್ಲಿ ಭಾರತದಲ್ಲೇ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಮುಂದಿನ ಸಾಲಿನಲ್ಲಿ ಆಡಿದ. ಆ ತಂಡವನ್ನು ಮೊದಲು ಕಟ್ಟಿದ್ದು ಜರ್ಮನಿಯ ನಿಕೊಲಾಯ್ ಆ್ಯಡಮ್. ವಿಶ್ವಕಪ್ ವರ್ಷದಲ್ಲಿ ಅವರ ಜಾಗಕ್ಕೆ ಪೋರ್ಚುಗಲ್‌ನ ಲೂಯಿಸ್ ನಾರ್ಟನ್ ಡಿ ಮಾಟೋಸ್ ಬಂದರು. ಎದುರಾಳಿಗಳು ಬಲಾಢ್ಯರೆಂದು ಮಾಟೋಸ್ ಹಿಂದೆ ಸರಿದು ಗಟ್ಟಿಯಾಗಿ ನಿಲ್ಲುವ ಆಟವನ್ನು ಆರಿಸಿಕೊಂಡರು. ಅಮೆರಿಕ ಎದುರು 0–3, ಕೊಲಂಬಿಯ ಎದುರು 1–2, ಘಾನಾ ಎದುರು 0–4. ಒಂದೇ ಗೋಲು ಬಂದದ್ದು ಬೆಂಗಳೂರಿನ ಸಂಜೀವ್ ಸ್ಟಾಲಿನ್ ಹೊಡೆದ ಕಾರ್ನರ್‌ನಿಂದ. ತಲೆ ಕೊಟ್ಟವನು ಮಣಿಪುರದ ಜೀಕ್ಸನ್ ಸಿಂಗ್. ಆ ಜೀಕ್ಸನ್ ತಂಡಕ್ಕೆ ಬಂದದ್ದೇ ಮಾಟೋಸ್ ಕಾಲದಲ್ಲಿ. ಒಬ್ಬ ಕೋಚ್‌ನ ಲೆಕ್ಕದಲ್ಲಿ ಇಲ್ಲದವನು ಇನ್ನೊಬ್ಬನ ಲೆಕ್ಕದಲ್ಲಿ ಇತಿಹಾಸ ಬರೆದ.

ಅನಿಕೇತ ಮುಂದೆ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ರೋವರ್ಸ್‌ನಲ್ಲಿ ತರಬೇತಿ ಪಡೆದು ಬಂದ, ಜಮ್‌ಶೆಡ್‌ಪುರಕ್ಕೆ ಆಡಿದ. ಮನೋಲೋ ಮಾರ್ಕೆಸ್ ಕೋಚ್ ಆಗಿದ್ದ ಹೈದರಾಬಾದ್ ಎಫ್‌ಸಿ 2022ರ ಮಾರ್ಚ್‌ನಲ್ಲಿ ಐಎಸ್‌ಎಲ್ ಗೆದ್ದಾಗ ಆ ತಂಡದಲ್ಲಿದ್ದ. ನಡುವೆ ನಿಂತು ಗೋಲು ಹೊಡೆಯಬೇಕಾದ ಹುಡುಗ ಅಂಚಿನಲ್ಲಿ ಓಡುವ ಆಟಗಾರನಾದ. ಮಾಸ್ತರರಿಗೆ ಇದು ದುಃಖದ ಸಂಗತಿಯಲ್ಲ. ಓಟವನ್ನು ಉಳಿಸಿ, ಅದಕ್ಕೆ ಹೆಚ್ಚು ಜಾಗವಿರುವ ಕಡೆಗೆ ಅವನನ್ನು ಸರಿಸಿದ ಕೋಚ್‌ಗಳು ಬುದ್ಧಿವಂತರು ಎಂದರು. “ಆದ್ರ ಅವ ಇಲ್ಲಿಂದ ಹೋದ ವಯಸ್ಸು ನೋಡು. ನಮ್ಮ ಗಳಗಿ ತುಂಬಾ ಕಪ್ ಇರ್ತಾವ, ಹುಡುಗೂರನ್ನ ಮಾತ್ರ ಪುಣೆಕ ಕಳಸ್ಬೇಕು. ಅದ ಪ್ರಬೋಧಿನಿಂದನ ಸ್ವಪ್ನಿಲನೂ ಬಂದ.”

ರಾಧಾನಗರಿ ತಾಲ್ಲೂಕಿನ ಕಾಂಬಳವಾಡಿಯ ಶೂಟರ್ ಸ್ವಪ್ನಿಲ ಕುಸಾಳೆಯ ಮಾತನ್ನು ಅವರು ಒಂದೇ ಕಾರಣಕ್ಕೆ ತೆಗೆದರು. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದ ರೈಫಲ್ ಫೈನಲ್‌ನಲ್ಲಿ ಮುಂದಿದ್ದವನು, ನಿಂತು ಹೊಡೆಯುವ ಹಂತದ ಒಂದು ಕೆಟ್ಟ ಗುಂಡಿನಿಂದ ನಾಲ್ಕನೇ ಸ್ಥಾನಕ್ಕೆ ಬಿದ್ದ. ಅಷ್ಟಕ್ಕೆ ಕೋಚ್ ದೀಪಾಲಿ ದೇಶಪಾಂಡೆ ಶಿಷ್ಯನ ಕೈಬಿಡಲಿಲ್ಲ, ಅವನೂ ಕೋಚ್ ಬದಲಿಸಲಿಲ್ಲ. 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 451.4 ಅಂಕಗಳೊಂದಿಗೆ ಕಂಚು ಬಂತು. ದೌರ್ಬಲ್ಯ ಕಂಡ ಮರುದಿನವೇ ಗುರುವನ್ನು ಬದಲಿಸುವವರು ಈ ಹತ್ತು ತಿಂಗಳನ್ನು ನೆನಪಿಡಬೇಕು.

ಇಷ್ಟಾದ ಮೇಲೆ ಮಾಸ್ತರು ಎದ್ದು ಮೈದಾನಕ್ಕಿಳಿದರು. ಹುಡುಗನನ್ನು ನಡುವೆ ನಿಲ್ಲಿಸಿದರು. ಯುವಕ ಇಪ್ಪತ್ತು ಹೆಜ್ಜೆ ಮುಂದೆ ಚೆಂಡಿನೊಂದಿಗೆ ನಿಂತ, ಮಾಸ್ತರು ಹುಡುಗನ ಬೆನ್ನ ಹಿಂದೆ. ಚೆಂಡು ಹೊರಟ ಕೂಡಲೇ ಅವರು ಕೈ ಎತ್ತಿ ಬೆರಳು ತೋರಿಸುತ್ತಾರೆ. ಚೆಂಡು ಕಾಲಿಗೆ ತಾಗುವ ಮೊದಲು ಹುಡುಗ ಹಿಂದೆ ನೋಡಿ ಎಷ್ಟು ಬೆರಳೆಂದು ಕೂಗಬೇಕು. ಮೊದಲ ಸಲ ಹುಡುಗ ಬೆರಳು ನೋಡಿದ, ಚೆಂಡು ಕಾಲ ಕೆಳಗಿಂದ ಹೋಯಿತು. ಎರಡನೆಯ ಸಲ ಚೆಂಡು ಸಿಕ್ಕಿತು, ಬೆರಳು ತಪ್ಪಿತು. “ತಲಿ ಅಷ್ಟ ತಿರಗಬೇಕು, ಮೈಯಲ್ಲ,” ಎಂದು ಅವರು ಹುಡುಗನ ಭುಜವನ್ನು ಹಿಡಿದು ಅಡ್ಡಡ್ಡ ನಿಲ್ಲಿಸಿದರು: ಎದೆ ಪೂರ್ತಿ ಚೆಂಡಿನ ಕಡೆಗಿಲ್ಲ, ಅರ್ಧ ಮೈದಾನದ ಕಡೆಗೆ. ಹಾಗೆ ನಿಂತಾಗ ಚೆಂಡು ತಾನಾಗಿ ಹಿಂದಿನ ಕಾಲಿಗೆ ಬಂತು. ಆ ಹಿಂದಿನ ಕಾಲು ಎಡಗಾಲು.

“ಮೂರು!” ಎಂದು ಹುಡುಗ ಕೂಗಿದ. ಬೆರಳು ಮೂರೇ ಇದ್ದವು. ಚೆಂಡು ಎಡಪಾದದ ಒಳಬದಿಗೆ ತಾಗಿ ಒಂದು ಗೇಣು ಮುಂದೆ ನಿಂತಿತು.

ನಾರ್ವೆಯ ಸಂಶೋಧಕ ಗೈರ್ ಯೋರ್ಡೆಟ್ ಇಂಗ್ಲೆಂಡಿನ ಪ್ರೀಮಿಯರ್ ಲೀಗಿನ ಮಿಡ್‌ಫೀಲ್ಡರ್‌ಗಳನ್ನು ಗಮನಿಸಿ ಕಂಡುಕೊಂಡದ್ದೂ ಇದೇ: ಚೆಂಡು ಬರುವ ಮೊದಲು ಹೆಚ್ಚು ಸಲ ಸುತ್ತ ನೋಡುವವರ ಮುಂದಿನ ಪಾಸ್‌ಗಳು ಹೆಚ್ಚಾಗಿ ಗುರಿ ಮುಟ್ಟುತ್ತವೆ. ಎದುರಾಳಿ ಬೆನ್ನಿಗೆ ಬಿದ್ದಾಗ ಈ ಹುಡುಗ ಬೆದರುವುದು ಪುಕ್ಕಲುತನದಿಂದಲ್ಲ, ಆ ಎದುರಾಳಿ ಎಲ್ಲಿದ್ದಾನೆಂದು ಮೊದಲೇ ನೋಡಿಲ್ಲದ್ದರಿಂದ. ಅವನ ಉದ್ದ ಪಾಸಿಗೂ ಇದರಿಂದ ಲಾಭವೇ. ಮೊದಲು ನೋಡಿದವನಿಗೆ ಎತ್ತಿ ಹೊಡೆಯಲು ಒಂದು ಕ್ಷಣ ಹೆಚ್ಚು ಸಿಗುತ್ತದೆ.

“ಉದ್ದಕ್ಕ ಹೊಡೀಬ್ಯಾಡ ಅಂತ ಮಾತ್ರ ಹೇಳಬ್ಯಾಡ ಅವನಿಗೆ,” ಎಂದು ಮಾಸ್ತರು ಯುವಕನಿಗೆ ಒತ್ತಿ ಹೇಳಿದರು. “ಅದು ಅವನ ಅನ್ನ. ಆ ಅಮೆರಿಕದ ಕೋಚ್ ತೋಳು ಮುಟ್ಟಲಿಲ್ಲ ಅಂದ್ಯಲ್ಲ, ಹಂಗ. ಒಂದ ತಿಂಗಳ ಬೆರಳು, ಆಮ್ಯಾಲ ಎಡಗಾಲು. ಎರಡೂ ಕೂಡೇ ಬ್ಯಾಡ.”

“ಅಷ್ಟರಾಗ ಟೂರ್ನಿ ಬಂದ್ರ?”

“ಬರಲಿ. ಆಡ್ಸು. ಸೋತ್ರ ಅವನ ಅಪ್ಪಗ ನಾ ಹೇಳ್ತೇನಿ.”

ಅಪ್ಪಂದಿರಿಗೆ ಮಾತ್ರವಲ್ಲ, ಪೇಟೆಗೂ ಹೇಳಬೇಕಾದ ಮಾತಿದು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2018ರಲ್ಲಿ ಆರಂಭಿಸಿದ ಗೋಲ್ಡನ್ ಬೇಬಿ ಲೀಗ್‌ನಲ್ಲಿ ಆರರಿಂದ ಹನ್ನೆರಡರ ಮಕ್ಕಳು ಸಣ್ಣ ಮೈದಾನದಲ್ಲಿ ಕಡಿಮೆ ಜನರ ತಂಡಗಳಾಗಿ ಆಡುತ್ತಿದ್ದರು. ಎಲ್ಲರ ಕಾಲಿಗೂ ಚೆಂಡು ಹೆಚ್ಚು ಸಲ ತಾಗಬೇಕೆಂಬುದೇ ಉದ್ದೇಶವಾಗಿತ್ತು. ಕೊಲ್ಲಾಪುರದ ತಾಲೀಮುಗಳಿಗೆ, ಗಡಹಿಂಗ್ಲಜದ ಸಂಘಟಕರಿಗೆ, ಇಚಲಕರಂಜಿಯ ಶಾಲೆಗಳಿಗೆ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುವ ಶಕ್ತಿಯಿದೆ. ಜನ ಬರುತ್ತಾರೆ, ಕಪ್ ಕೊಡುವ ದಾನಿಗಳಿದ್ದಾರೆ, ಮೈದಾನವಿದೆ. ದೀಪಾವಳಿಯ ದೊಡ್ಡ ಟೂರ್ನಿಯ ಮುನ್ನಾದಿನ ಹದಿನಾಲ್ಕರೊಳಗಿನ ಮಕ್ಕಳಿಗೆ ರಹೀಮ್ ಸಾಹೇಬರ ಎರಡು ಪಂದ್ಯ ಇಡಿ: ಒಂದು ಡ್ರಿಬಲ್ ಇಲ್ಲದ್ದು, ಇನ್ನೊಂದು ದುರ್ಬಲ ಕಾಲಿನದು. ಗೆದ್ದವರಿಗೆ ದೊಡ್ಡವರಷ್ಟೇ ದೊಡ್ಡ ಕಪ್ ಕೊಡಿ. ಗ್ಯಾಲರಿಯಲ್ಲಿ ಕೂತವರು ಹಿಂದಕ್ಕೆ ಕೊಟ್ಟ ಪಾಸಿಗೂ ಚಪ್ಪಾಳೆ ತಟ್ಟಿ.